ಬಡಾವಣೆಯ ವೇದಿಕೆ ಮನೆಯ ದೂರುಗಳಿಗೆ ಉತ್ತರ ಕೊಡುವಂತೆ ಮಾಡುವುದು ಹೇಗೆ?

ಮುಂಬಯಿಯ ಗೋರೆಗಾಂವ್‌ನಲ್ಲಿ ಬಾಡಿಗೆಗಿರುವ ನೀವು, ಸುತ್ತಲಿನ ಕೆಲವು ಹೌಸಿಂಗ್ ಸೊಸೈಟಿಗಳು ಸೇರಿ ಕಟ್ಟಿಕೊಂಡಿರುವ ನಿವಾಸಿಗಳ ವೇದಿಕೆಯು ಗಣೇಶೋತ್ಸವಕ್ಕೂ ಆರೋಗ್ಯ ಶಿಬಿರಕ್ಕೂ ಚುರುಕಾಗಿದ್ದು, ಸೋರುವ ಚಾವಣಿ, ಪುನರ್ನಿರ್ಮಾಣ, ಬಾಡಿಗೆದಾರರ ನೀರಿನ ತಕರಾರು ಎಂದ ಕೂಡಲೇ ‘ನೋಡೋಣ’ ಎಂದು ಮುಂದೂಡುತ್ತದೆ, ಇದಕ್ಕೇನು ಮಾಡಬೇಕು ಎಂದು ಕೇಳಿದ್ದೀರಿ. ನಾನು ಮುಲುಂಡ್‌ನ ಸೊಸೈಟಿಯೊಂದರಲ್ಲಿ ಕಾರ್ಯದರ್ಶಿಯಾಗಿದ್ದವನು. ನಿಮ್ಮದರಂತಹದೇ ವೇದಿಕೆಯೊಂದರ ಸಭೆಗಳಿಗೆ ಈಗಲೂ ಹೋಗುತ್ತೇನೆ. ಇಂತಹ ವೇದಿಕೆಗಳಲ್ಲಿ ಕೂರುವವರು ಕಲ್ಲುಮನಸ್ಸಿನವರೇನಲ್ಲ. ಆದರೆ ದೂರಿಗೆ ಯಾರು, ಯಾವ ದಿನದೊಳಗೆ ಉತ್ತರ ಹೇಳಬೇಕು ಎಂಬುದು ಎಲ್ಲಿಯೂ ಬರಹದಲ್ಲಿಲ್ಲದಿದ್ದರೆ, ಎಷ್ಟು ಒಳ್ಳೆಯವರಾದರೂ ‘ನೋಡೋಣ’ ಎಂದೇ ಹೇಳುತ್ತಾರೆ.

ಮೊದಲು ಯಾವ ದೂರು ಯಾರ ಬಾಗಿಲಿಗೆ ಹೋಗಬೇಕೆಂಬುದು ಇತ್ಯರ್ಥವಾಗಬೇಕು. ಮಹಾರಾಷ್ಟ್ರದ ಮಾದರಿ ಉಪವಿಧಿಗಳ (ಸೊಸೈಟಿಗಳು ನಡೆಯಬೇಕಾದ ರೀತಿಯನ್ನು ಹೇಳುವ ನಿಯಮಾವಳಿಯ) ಪ್ರಕಾರ ಮಳೆನೀರಿನ ಸೋರಿಕೆ, ಹೊರಗಿನ ಸಾಮಾನ್ಯ ಕೊಳವೆಗಳ ಸೋರಿಕೆ ಇವುಗಳ ದುರಸ್ತಿ ಸೊಸೈಟಿಯ ಖರ್ಚಿನಲ್ಲಿ ಆಗಬೇಕು. ಮೇಲಿನ ಮನೆಯ ಶೌಚಾಲಯದಿಂದಲೋ ಸಿಂಕಿನಿಂದಲೋ ಇಳಿಯುವ ನೀರಿಗೆ ಆ ಮನೆಯ ಸದಸ್ಯನೇ ಹೊಣೆ. ರಸ್ತೆಬದಿಯ ಚರಂಡಿ ಮಹಾನಗರ ಪಾಲಿಕೆಯ ವಾರ್ಡ್ ಕಚೇರಿಗೆ ಸೇರಿದ್ದು. ಬಿಲ್ಡರ್ ಜಾಗದ ಒಡೆತನವನ್ನು ಸೊಸೈಟಿಗೆ ಬರೆದುಕೊಡದಿದ್ದರೆ ಡೀಮ್ಡ್ ಕನ್ವೇಯನ್ಸ್‌ಗಾಗಿ, ಅಂದರೆ ಅವನ ಸಹಿಯಿಲ್ಲದೆಯೇ ಒಡೆತನ ಪಡೆಯಲು, ಅರ್ಜಿ ಹೋಗಬೇಕಾದದ್ದು ಸಹಕಾರ ಇಲಾಖೆಯ ಜಿಲ್ಲಾ ಉಪನಿಬಂಧಕರಿಗೆ. ದಕ್ಷಿಣ ಮುಂಬಯಿಯ ಹಳೆಯ ಸೆಸ್ ಕಟ್ಟಡವಾದರೆ (ದುರಸ್ತಿಗಾಗಿ ಕರ ಕಟ್ಟುವ ಕಟ್ಟಡ) ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾದ ದುರಸ್ತಿ ಮಂಡಳಿಗೆ. ವೇದಿಕೆಗೆ ಇವುಗಳಲ್ಲಿ ಒಂದನ್ನೂ ತಾನೇ ತೀರ್ಮಾನಿಸುವ ಅಧಿಕಾರವಿಲ್ಲ. ಇಲ್ಲದ ಅಧಿಕಾರವನ್ನು ಅದರಿಂದ ನಿರೀಕ್ಷಿಸಿ ನಿರಾಶರಾಗುವುದಕ್ಕಿಂತ, ದೂರು ಸರಿಯಾದ ಮೇಜಿಗೆ ತಲುಪಿತೇ, ಅಲ್ಲಿಂದ ಏನು ಬಂತು ಎಂಬುದರ ಲೆಕ್ಕ ಇಡುವ ಕೆಲಸವನ್ನಷ್ಟೇ ಅದಕ್ಕೆ ಒಪ್ಪಿಸುವುದು ಮೇಲು. ಆ ಲೆಕ್ಕವನ್ನು ಅದು ತಪ್ಪದೆ ಇಟ್ಟರೆ ಅರ್ಧ ಜಗಳ ಅಲ್ಲಿಯೇ ಮುಗಿಯುತ್ತದೆ.

ಸೊಸೈಟಿಯ ಮಟ್ಟಿಗೆ ಇದಕ್ಕೆ ಬೇಕಾದ ನಿಯಮ ಆಗಲೇ ಇದೆ. ಸದಸ್ಯನು ಬರಹದಲ್ಲಿ ಕೊಟ್ಟ ದೂರನ್ನು ವ್ಯವಸ್ಥಾಪಕ ಸಮಿತಿಯು ತನ್ನ ಮುಂದಿನ ಸಭೆಯಲ್ಲಿಯೇ ತೀರ್ಮಾನಿಸಿ, ಅದಾದ 15 ದಿನಗಳೊಳಗೆ ಅವನಿಗೆ ತಿಳಿಸಬೇಕೆಂದು ಮಾದರಿ ಉಪವಿಧಿ ಹೇಳುತ್ತದೆ. ಆದರೆ ಮುಂಬಯಿಯಲ್ಲಿ ದೂರುಗಳಲ್ಲಿ ಬಹುಪಾಲು ಲಿಫ್ಟಿನ ಬಳಿ ಬಾಯಿಮಾತಿನಲ್ಲಿ ಹುಟ್ಟಿ ಅಲ್ಲಿಯೇ ಸಾಯುತ್ತವೆ. ವಾಟ್ಸಾಪ್ ಗುಂಪಿಗೆ ಹಾಕಿದ ಫೋಟೋ ‘ಶುಭ ಮುಂಜಾನೆ’ಗಳ ಅಡಿಯಲ್ಲಿ ಹೂತುಹೋಗುತ್ತದೆ. ಆದುದರಿಂದ ದೂರನ್ನು ಕಾಗದದ ಮೇಲೆ ಬರೆದು, ಎರಡನೆಯ ಪ್ರತಿಯ ಮೇಲೆ ತಾರೀಖು ಸಹಿತ ಸ್ವೀಕೃತಿಯ ಸಹಿ ಪಡೆಯಬೇಕು. ವೇದಿಕೆಯೂ ಒಂದು ದಾಖಲೆ ಪುಸ್ತಕ ಇಟ್ಟು, ಪ್ರತಿ ಸಭೆಯ ಮೊದಲ ವಿಷಯವಾಗಿ ಹಿಂದಿನ ಸಭೆಯ ದೂರುಗಳು ಏನಾದವು ಎಂಬುದನ್ನು ಗಟ್ಟಿಯಾಗಿ ಓದಬೇಕು. ಇದು ಕೊನೆಯ ವಿಷಯವಾದರೆ ಪ್ರಯೋಜನವಿಲ್ಲ. ಕೊನೆಯ ವಿಷಯ ಬರುವಷ್ಟರಲ್ಲಿ ಚಹಾ ಬಂದಿರುತ್ತದೆ, ಅರ್ಧ ಜನ ಎದ್ದಿರುತ್ತಾರೆ. ನನ್ನ ಅನುಭವದಲ್ಲಿ ಸಭೆಗಳ ಸ್ವಭಾವವನ್ನು ಬದಲಿಸಿದ್ದು ಇದೊಂದೇ ಕ್ರಮ. ತನ್ನ ಹೆಸರಿನ ಮುಂದೆ ‘ಬಾಕಿ’ ಎಂದು ಓದಿಸಿಕೊಳ್ಳುವುದು ಯಾವ ಪದಾಧಿಕಾರಿಗೂ ಹಿತವಾಗುವುದಿಲ್ಲ.

ಸಮಿತಿ ಅಷ್ಟಕ್ಕೂ ಜಗ್ಗದಿದ್ದರೆ ಸಹಕಾರ ಸಂಘಗಳ ಕಾಯಿದೆ, 1960ರ 76ನೆಯ ಕಲಮಿನ ಪ್ರಕಾರ ಐದರಲ್ಲೊಂದು ಭಾಗದ ಸದಸ್ಯರು ಸಹಿ ಹಾಕಿ ವಿಶೇಷ ಸಾಮಾನ್ಯ ಸಭೆಯನ್ನು ಕೇಳಬಹುದು, ಸಮಿತಿಯು ತಿಂಗಳೊಳಗೆ ಅದನ್ನು ಕರೆಯಲೇಬೇಕು. ಸೊಸೈಟಿಗೆ ಮಾಹಿತಿ ಹಕ್ಕಿನ ಅರ್ಜಿ ನೇರವಾಗಿ ನಾಟುವುದಿಲ್ಲ. ಸರ್ಕಾರದ ಒಡೆತನವಾಗಲಿ ದೊಡ್ಡ ನೆರವಾಗಲಿ ಇಲ್ಲದ ಸಹಕಾರ ಸಂಘವು ಸಾರ್ವಜನಿಕ ಪ್ರಾಧಿಕಾರವಲ್ಲ ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಆದರೆ ಉಪನಿಬಂಧಕರ ಕಚೇರಿ ಸಾರ್ವಜನಿಕ ಪ್ರಾಧಿಕಾರವೇ ಆದ್ದರಿಂದ ಅಲ್ಲಿರುವ ಕಾಗದಪತ್ರಗಳನ್ನು ಆ ಮಾರ್ಗದಿಂದ ಕೇಳಬಹುದು.

ಆದರೆ ಮೇಲಿನ ಹಕ್ಕುಗಳಲ್ಲಿ ಬಹುಪಾಲು ಸದಸ್ಯರಿಗೆ ಸೇರಿದವು, ನೀವು ಬಾಡಿಗೆದಾರರು. ಸೊಸೈಟಿಯ ಸಾಮಾನ್ಯ ಸಭೆಯಲ್ಲಿ ನಿಮಗೆ ಮತವಿಲ್ಲ, ಬಹುಮಟ್ಟಿಗೆ ಕುರ್ಚಿಯೂ ಇಲ್ಲ. ವೇದಿಕೆಗೆ ಇಂತಹ ಕಟ್ಟಿಲ್ಲವಾದ್ದರಿಂದ ಬಾಡಿಗೆದಾರನ ಮಾತು ದಾಖಲಾಗುವ ಜಾಗ ಅದೊಂದೇ ಆಗಬಲ್ಲದು. ಕಾರ್ಯಕಾರಿಣಿಯಲ್ಲಿ ಎರಡು ಸ್ಥಾನ ಬಾಡಿಗೆದಾರರಿಗೆ ಮೀಸಲಿಡಬೇಕೆಂದು ಬರಹದಲ್ಲಿ ಕೇಳಿ. ಬಾಡಿಗೆ ನಿಯಂತ್ರಣ ಕಾಯಿದೆ, 1999ರ 29ನೆಯ ಕಲಮು ಸಕಾರಣವಿಲ್ಲದೆ ಬಾಡಿಗೆದಾರನ ನೀರು, ವಿದ್ಯುತ್ತುಗಳನ್ನು ಕಡಿಯುವುದನ್ನು ನಿಷೇಧಿಸುತ್ತದೆ. 55ನೆಯ ಕಲಮು ಬಾಡಿಗೆ ಕರಾರನ್ನು ನೋಂದಾಯಿಸುವ ಹೊಣೆಯನ್ನು ಮಾಲೀಕನ ಮೇಲೆ ಹಾಕುತ್ತದೆ. ಇವೆರಡನ್ನೂ ಸೂಚನಾ ಫಲಕದಲ್ಲಿ ಅಂಟಿಸಲು ವೇದಿಕೆಗೆ ಕಾಸು ಖರ್ಚಿಲ್ಲ.

ನಮ್ಮವರ ಬಗ್ಗೆಯೂ ಒಂದು ಮಾತು. ಹೋಟೆಲ್ ಕೆಲಸಕ್ಕೆಂದು ಬಂದು ಒಂದೇ ಖೋಲಿಯಲ್ಲಿ ಹಲವರು ಇರುವ ಕನ್ನಡ, ತುಳು ಹುಡುಗರು ಇಂತಹ ಸಭೆಗಳ ಹತ್ತಿರವೂ ಸುಳಿಯುವುದಿಲ್ಲ. ನೋಟಿಸು ಮರಾಠಿಯಲ್ಲಿರುತ್ತದೆ, ಸಭೆ ಅವರ ಪಾಳಿಯ ಹೊತ್ತಿಗೇ ಇರುತ್ತದೆ. ಮಾಟುಂಗದಿಂದ ಡೊಂಬಿವಿಲಿಯವರೆಗೆ ನಮ್ಮ ಸಂಘಗಳು ಯಕ್ಷಗಾನ, ವಿದ್ಯಾರ್ಥಿವೇತನಗಳನ್ನು ಎಷ್ಟು ಅಚ್ಚುಕಟ್ಟಾಗಿ ನಡೆಸುತ್ತವೆಂದು ಎಲ್ಲರೂ ಬಲ್ಲರು. ಅದೇ ಸಭಾಂಗಣದಲ್ಲಿ ತಿಂಗಳಿಗೊಂದು ಸಂಜೆ ಮರಾಠಿ ಬಲ್ಲವರೊಬ್ಬರು ಕುಳಿತು ಲೀವ್ ಅಂಡ್ ಲೈಸೆನ್ಸ್ ಎಂಬ ಬಾಡಿಗೆ ಕರಾರನ್ನೂ ಪಾಲಿಕೆಯ ನೋಟಿಸನ್ನೂ ಓದಿ ಹೇಳಿದರೆ, ಅದು ಸನ್ಮಾನದ ಶಾಲಿಗಿಂತ ಹೆಚ್ಚು ಜನರಿಗೆ ಬೆಚ್ಚಗಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಸಂಘದ ಹಿರಿಯರು ಇದಕ್ಕೆ ಸಿಟ್ಟಾಗಬಾರದು.

ಪುನರ್ನಿರ್ಮಾಣ ಬಂದಾಗ ಎಲ್ಲ ವೇದಿಕೆಗಳೂ ಒಡೆಯುತ್ತವೆ, ಏಕೆಂದರೆ ಅಲ್ಲಿ ಹಣ ಇದೆ. ಸಹಕಾರ ಸಂಘಗಳ ಕಾಯಿದೆಯ 79ಎ ಕಲಮಿನಡಿ ಸರ್ಕಾರ 2009ರ ಜನವರಿಯಲ್ಲಿ ಹೊರಡಿಸಿ 2019ರ ಜುಲೈ 4ರಂದು ಪರಿಷ್ಕರಿಸಿದ ನಿರ್ದೇಶನದ ಪ್ರಕಾರ ಬಿಲ್ಡರನ ಆಯ್ಕೆಗೆ ಒಟ್ಟು ಸದಸ್ಯರಲ್ಲಿ ಮೂರನೆಯ ಎರಡು ಭಾಗ ಹಾಜರಿರಬೇಕು, ಒಟ್ಟು ಸದಸ್ಯರ ಶೇ. 51ರಷ್ಟು ಒಪ್ಪಿಗೆ ಬೇಕು, ಸಭೆಯ ವಿಡಿಯೋ ಚಿತ್ರೀಕರಣ ಆಗಬೇಕು. ಹೊರಗಿನ ವೇದಿಕೆಗೆ ಇದರಲ್ಲಿ ಮತ ಹಾಕುವ ಪಾತ್ರವಿಲ್ಲ, ಇರಲೂಬಾರದು. ಅದು ಮಾಡಬಹುದಾದದ್ದು, ಆಗಲೇ ಪುನರ್ನಿರ್ಮಾಣಗೊಂಡ ಪಕ್ಕದ ಕಟ್ಟಡದವರನ್ನು ಕರೆಸಿ, ಬಿಲ್ಡರ್ ಕೊಡಬೇಕಾದ ತಾತ್ಕಾಲಿಕ ಬಾಡಿಗೆ ಎಷ್ಟು ಕಾಲ ಸರಿಯಾಗಿ ಬಂತು, ಬ್ಯಾಂಕ್ ಗ್ಯಾರಂಟಿ ಪಡೆದಿದ್ದರೇ, ಕರಾರು ನೋಂದಣಿಯಾದ ಮೇಲೆ ಮನೆ ಖಾಲಿ ಮಾಡಿದರೋ ಅದಕ್ಕೂ ಮೊದಲೋ ಎಂದು ಎಲ್ಲರೆದುರು ಕೇಳುವುದು. ವೇದಿಕೆಯ ಪದಾಧಿಕಾರಿಗಳಲ್ಲಿ ಯಾರಿಗಾದರೂ ಬಿಲ್ಡರನೊಡನೆ ವ್ಯವಹಾರವಿದ್ದರೆ ಅವರು ಅದನ್ನು ಮೊದಲೇ ಹೇಳಿ ಆ ಚರ್ಚೆಯಿಂದ ಹೊರಗಿರಬೇಕು.

ವಾರ್ಡ್ ಕಚೇರಿಯ ವಿಷಯ ಚಿಕ್ಕದು. 1990ರ ದಶಕದಲ್ಲಿ ಕಸ ವಿಂಗಡಣೆಗಾಗಿ ಆರಂಭವಾದ ಪಾಲಿಕೆಯ ಎಎಲ್‌ಎಂ (ಅಡ್ವಾನ್ಸ್ಡ್ ಲೊಕ್ಯಾಲಿಟಿ ಮ್ಯಾನೇಜ್‌ಮೆಂಟ್) ಯೋಜನೆಯಡಿ ನಿಮ್ಮ ವೇದಿಕೆ ನೋಂದಾಯಿಸಿಕೊಂಡರೆ, ಗೋರೆಗಾಂವ್‌ನ ಹೊಣೆ ಹೊತ್ತಿರುವ ಪಿ-ದಕ್ಷಿಣ ವಾರ್ಡಿನಲ್ಲಿ ಅಧಿಕಾರಿಗಳೊಡನೆ ಮಾತಾಡಲು ಅಧಿಕೃತ ದಾರಿ ಸಿಗುತ್ತದೆ. ಮೊದಲ ಭೇಟಿಗೆ ಕಟ್ಟಡಗಳ ಸುರಕ್ಷತೆಯ ವಿಷಯವನ್ನೇ ಒಯ್ಯಿರಿ. 15ರಿಂದ 30 ವರ್ಷದ ಕಟ್ಟಡಕ್ಕೆ ಐದು ವರ್ಷಕ್ಕೊಮ್ಮೆ, 30 ದಾಟಿದ್ದಕ್ಕೆ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ (ಕಟ್ಟಡದ ಗಟ್ಟಿತನದ ತಪಾಸಣೆ) ಆಗಬೇಕೆಂದು ಮಾದರಿ ಉಪವಿಧಿಯಲ್ಲಿದೆ. ಯಾವ ಸೊಸೈಟಿಯಲ್ಲಿ ಅದು ಯಾವಾಗ ಆಯಿತು, ವರದಿ ಸಿ-1 (ಅಪಾಯಕಾರಿ, ಖಾಲಿ ಮಾಡಿ ಕೆಡವಬೇಕಾದದ್ದು) ಎಂದಿದೆಯೋ ಸಿ-2 (ದುರಸ್ತಿ ಬೇಕಾದದ್ದು) ಎಂದಿದೆಯೋ ಎಂಬ ಪಟ್ಟಿಯನ್ನು ವೇದಿಕೆ ಏಪ್ರಿಲ್ ಒಳಗೆ ತಯಾರಿಸಿ ಎಲ್ಲ ಕಟ್ಟಡಗಳ ಫಲಕಕ್ಕೂ ಹಾಕಬೇಕು, ಏಕೆಂದರೆ ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಮನೆ ಖಾಲಿ ಮಾಡಿ ಎಂಬ ನೋಟಿಸು ಬಂದರೆ ಬಾಡಿಗೆದಾರನಿಗೆ ಬೇರೆ ಖೋಲಿ ಹುಡುಕಲು ವಾರವೂ ಸಿಗುವುದಿಲ್ಲ.