ಅಡ್ಮಿರಲ್ ಹ್ಯೂಸ್ ಕುರಿತ ನಿಮ್ಮ ಲೇಖನದ ಬಗ್ಗೆ

ಮಾನ್ಯರೇ,

ಬ್ರಿಟಿಷ್ ನೌಕಾಧಿಪತಿ ಎಡ್ವರ್ಡ್ ಹ್ಯೂಸ್‌ನ ವೃತ್ತಿಜೀವನವನ್ನು ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿನ ರೂಪದಲ್ಲಿ ಅದನ್ನು ಪ್ರಕಟಿಸಲಾಗುವುದಿಲ್ಲ. ಆದರೆ ವಸ್ತು ಒಳ್ಳೆಯದು, ದಯವಿಟ್ಟು ಕೈಬಿಡಬೇಡಿ.

ಲೇಖನದ ಮೊದಲರ್ಧ ಸೇವಾಪುಸ್ತಕದ ನಕಲಿನಂತಿದೆ. 1735ರಲ್ಲಿ ನೌಕಾಪಡೆ ಸೇರಿದ್ದು, 1739ರಲ್ಲಿ ಪನಾಮಾದ ಪೋರ್ಟೊ ಬೆಲ್ಲೊ ಬಂದರಿನ ಮೇಲಿನ ದಾಳಿ, ಆಮೇಲಿನ ಬಡ್ತಿಗಳು, ಇವಕ್ಕೆಲ್ಲ ಒಂದು ಪ್ಯಾರಾ ಸಾಕು. 1780ರ ಡಿಸೆಂಬರಿನಲ್ಲಿ ಅವನು ಮಂಗಳೂರಿನಲ್ಲಿ ಹೈದರ್ ಅಲಿಯ ಹಡಗುಗಳನ್ನು ನಾಶಪಡಿಸಿದ್ದನ್ನು ಮಾತ್ರ ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ನಮ್ಮ ಓದುಗರು ಮೊದಲು ಕೇಳುವುದೇ ಅದನ್ನು.

ಇದಕ್ಕಿಂತ ದೊಡ್ಡ ತಪ್ಪೆಂದರೆ, ಫ್ರೆಂಚ್ ಸೇನಾನಿ ಸಫ್ರೆನ್‌ನೊಡನೆ ನಡೆದ ಐದೂ ಕದನಗಳನ್ನು ಹ್ಯೂಸ್ ಗೆದ್ದನೆಂದು ಬರೆದಿರುವುದು. 1782ರ ಫೆಬ್ರವರಿಯಲ್ಲಿ ಸದ್ರಾಸ್ ಬಳಿ ಮೊದಲ್ಗೊಂಡು 1783ರ ಜೂನ್‌ನಲ್ಲಿ ಕಡಲೂರಿನವರೆಗೆ ನಡೆದ ಆ ಐದು ಕದನಗಳಲ್ಲಿ ಇಬ್ಬರಲ್ಲಿ ಯಾರೂ ಎದುರಾಳಿಯ ಒಂದು ಯುದ್ಧನೌಕೆಯನ್ನೂ ಸೆರೆಹಿಡಿಯಲಿಲ್ಲ, ಮುಳುಗಿಸಲೂ ಇಲ್ಲ. ನಿಜವಾದ ನಷ್ಟ ಆದದ್ದು ಸಿಂಹಳದ ಟ್ರಿಂಕೋಮಲಿಯಲ್ಲಿ. 1782ರ ಜನವರಿಯಲ್ಲಿ ಡಚ್ಚರಿಂದ ತಾನೇ ಗೆದ್ದುಕೊಂಡಿದ್ದ ಆ ಬಂದರಿನ ಮುಂದೆ ಸೆಪ್ಟೆಂಬರ್ ಆರಂಭದಲ್ಲಿ ಹ್ಯೂಸ್ ಬಂದಾಗ ಅದು ಆಗಲೇ ಸಫ್ರೆನ್‌ನ ವಶವಾಗಿತ್ತು. ಆ ಬಂದರು ಕೈತಪ್ಪಿದ್ದರಿಂದ, ಮತ್ತು ಮದರಾಸಿನ ತೆರೆದ ಕರಾವಳಿಯಲ್ಲಿ ಈಶಾನ್ಯ ಮಾರುತದ ಕಾಲದಲ್ಲಿ ಹಡಗುಗಳಿಗೆ ರಕ್ಷಣೆಯಿಲ್ಲದ ಕಾರಣ ಅವನು ತನ್ನ ಪಡೆಯನ್ನು ಮುಂಬಯಿಯವರೆಗೆ ಒಯ್ಯಬೇಕಾಯಿತು. ಹಾಯಿಹಡಗುಗಳ ಕಥೆಯನ್ನು ಹೇಳುವ ನಿಮ್ಮ ಹನ್ನೆರಡು ಪುಟಗಳಲ್ಲಿ ಗಾಳಿಯೆಂಬ ಪದ ಒಮ್ಮೆಯೂ ಬಂದಿಲ್ಲವೆಂಬುದು ನನಗೆ ನಿಜಕ್ಕೂ ಬೇಸರ ತಂದಿತು.

1782ರ ಜುಲೈ 6ರ ನಾಗಪಟ್ಟಣದ ಕದನವನ್ನೇ ನೋಡಿ. ನೀವು "ಭೀಕರ ಯುದ್ಧ ನಡೆಯಿತು" ಎಂದಷ್ಟೇ ಬರೆದಿದ್ದೀರಿ. ಅಂದು ಕದನದ ನಡುವೆ ಗಾಳಿ ದಿಕ್ಕು ಬದಲಿಸಿ ಎರಡೂ ಪಡೆಗಳ ಸಾಲು ಚೆದುರಿತು. 'ಸೆವೇರ್' ಎಂಬ ಫ್ರೆಂಚ್ ಹಡಗಿನ ಕಪ್ತಾನ ಶರಣಾಗಲೆಂದು ಬಾವುಟ ಇಳಿಸಿದರೂ ಅವನ ಅಧಿಕಾರಿಗಳು ಒಪ್ಪದೆ ಹೋರಾಟ ಮುಂದುವರಿಸಿದರು. ಲೇಖನ ಇಲ್ಲಿಂದಲೇ ಆರಂಭವಾಗಲಿ.

ಕೊನೆಯಲ್ಲಿ ನೀವು ಹೊಗಳಿಕೆಯನ್ನು ಪೇರಿಸಿದ್ದೀರಿ. ಅದರ ಬದಲು, ಸ್ಕರ್ವಿ ರೋಗದಿಂದ ನಾವಿಕರು ಕುಸಿದು, ಕುಡಿಯುವ ನೀರೂ ಸಾಲದಾಗಿ, ಕಡಲೂರಿಗೆ ಮುತ್ತಿಗೆ ಹಾಕಿದ್ದ ಬ್ರಿಟಿಷ್ ಸೈನ್ಯವನ್ನು ಬಿಟ್ಟು ಹ್ಯೂಸ್ ಮದರಾಸಿಗೆ ಹಿಂದಿರುಗಿದ್ದನ್ನು ಬರೆಯಿರಿ. ತಿದ್ದಿದ ಪ್ರತಿಯನ್ನು ಆರು ಪುಟಗಳೊಳಗೆ ಕಳುಹಿಸಿದರೆ ನಾನೇ ಓದುತ್ತೇನೆ.

ಇಂತಿ,
ಸಂಪಾದಕ