ಮೂರು ಸೆನ್ಸರ್ ಒಂದೇ ದಿನ ಕೆಟ್ಟವಾ?

ಪ್ರಶ್ನೆ: ನನ್ನದು ಹಳೆಯ ಪೆಟ್ರೋಲ್ ಕಾರು, ಆಕ್ಸಿಲರೇಟರ್‌ಗೆ ಕೇಬಲ್ ಇರುವಂಥದ್ದು. ಎಂಜಿನ್ ಜಾಮ್ ಆಗಿತ್ತು. ಅದೇ ಮಾಡೆಲ್‌ನ ಇನ್ನೊಂದು ಕಾರಿನ ಎಂಜಿನ್ ತಂದು ಕೂರಿಸಿದೆವು, ವೈರಿಂಗ್ ಮಾತ್ರ ನನ್ನ ಕಾರಿನದೇ. ಸ್ಟಾರ್ಟ್ ಆಗುತ್ತದೆ, ಆದರೆ ಕಪ್ಪು ಹೊಗೆ ಬರುತ್ತದೆ, ಐಡ್ಲಿಂಗ್ ನಿಲ್ಲುವುದಿಲ್ಲ. ಸ್ಕ್ಯಾನರ್‌ನಲ್ಲಿ ಪಿ0108, ಪಿ0118, ಪಿ0123 ಅಂತ ಮೂರು ಕೋಡ್. ಮ್ಯಾಪ್ ಸೆನ್ಸರ್ (ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಅಳೆಯುವುದು), ಟೆಂಪರೇಚರ್ ಸೆನ್ಸರ್ ಎರಡೂ ಹೊಸದು ಹಾಕಿದೆ. ಮತ್ತೆ ಅದೇ ಕೋಡ್. ಮೂರನೆಯದನ್ನೂ ಬದಲಾಯಿಸಲಾ?

ಉತ್ತರ: ಬೇಡ. ದುಡ್ಡು ಉಳಿಸಿ. ಮೊದಲು ಆ ಮೂರು ಕೋಡ್‌ಗಳನ್ನು ಅಕ್ಕಪಕ್ಕ ಇಟ್ಟು ಓದಿ. ಪಿ0108 ಅಂದರೆ ಮ್ಯಾಪ್ ಸಿಗ್ನಲ್ ಜಾಸ್ತಿ, ಪಿ0118 ಅಂದರೆ ಟೆಂಪರೇಚರ್ ಸಿಗ್ನಲ್ ಜಾಸ್ತಿ, ಪಿ0123 ಅಂದರೆ ಥ್ರಾಟಲ್ (ಎಂಜಿನ್‌ಗೆ ಗಾಳಿ ಬಿಡುವ ಕವಾಟ) ಸಿಗ್ನಲ್ ಜಾಸ್ತಿ. ಮೂರೂ "ಜಾಸ್ತಿ". ಸೆನ್ಸರ್ ಕೆಟ್ಟಿದೆ ಅಂತ ಕೋಡ್ ಹೇಳುತ್ತಿಲ್ಲ, ಆ ಲೈನಿನಲ್ಲಿ ಇರಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಕಾಣುತ್ತಿದೆ ಅಂತ ಹೇಳುತ್ತಿದೆ.

ಈ ಮೂರು ಸೆನ್ಸರ್‌ಗೂ ಒಂದು ವಿಷಯ ಸಮಾನ: ಅರ್ಥ್ ವೈರ್. ಇಸಿಯುನಿಂದ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಹೊರಡುವ ಒಂದೇ ಸೆನ್ಸರ್ ಅರ್ಥ್, ಸಾಮಾನ್ಯವಾಗಿ ವೈರಿಂಗ್ ಒಳಗೆ ಟೇಪಿನ ಅಡಿಯಲ್ಲಿ ಕವಲೊಡೆದು ಮೂರ್ನಾಲ್ಕು ಸೆನ್ಸರ್‌ಗೆ ಹೋಗುತ್ತದೆ. ಅದು ತುಂಡಾದರೆ ಮ್ಯಾಪ್, ಥ್ರಾಟಲ್ ಸಿಗ್ನಲ್‌ಗಳಿಗೆ ಕೆಳಗಿಳಿಯಲು ದಾರಿ ಇರುವುದಿಲ್ಲ. ಎರಡೂ 5 ವೋಲ್ಟ್ ಹತ್ತಿರ ಹೋಗಿ ನಿಲ್ಲುತ್ತವೆ. ಟೆಂಪರೇಚರ್ ಸೆನ್ಸರ್‌ನ ಕಥೆಯೂ ಅದೇ, ಅದರಲ್ಲಿ ವೋಲ್ಟೇಜ್ ಜಾಸ್ತಿ ಅಂದರೆ ಚಳಿ ಅಂತ ಲೆಕ್ಕ, ಹಾಗಾಗಿ ಇಸಿಯುಗೆ ಎಂಜಿನ್ ಮೈನಸ್ 40 ಡಿಗ್ರಿಯಲ್ಲಿ ಇರುವಂತೆ ಕಾಣುತ್ತದೆ. ಅಷ್ಟು ಚಳಿ ಅಂದುಕೊಂಡರೆ ಅದು ಪೆಟ್ರೋಲ್ ಸುರಿಯದೆ ಇನ್ನೇನು ಮಾಡುತ್ತದೆ? ನಿಮ್ಮ ಕಪ್ಪು ಹೊಗೆಗೂ ಬಹುಶಃ ಅದೇ ಕಾರಣ.

ಮ್ಯಾಪ್, ಥ್ರಾಟಲ್ ಎರಡೂ "ಕಡಿಮೆ" ಅಂತ ಕೋಡ್ ಬಂದಿದ್ದರೆ, ಅಂದರೆ ಪಿ0107, ಪಿ0122, ನಾನು ಇಸಿಯು ಸೆನ್ಸರ್‌ಗಳಿಗೆ ಕೊಡುವ 5 ವೋಲ್ಟ್ ಲೈನ್ ಹುಡುಕಿ ಅನ್ನುತ್ತಿದ್ದೆ. ಆಗ ಸೆನ್ಸರ್ ಕಪ್ಲರ್‌ಗಳನ್ನು (ವೈರ್ ಸೇರಿಸುವ ಪ್ಲಗ್) ಒಂದೊಂದಾಗಿ ಬಿಚ್ಚಬೇಕು. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ವಾಪಸ್ ಬರುತ್ತದೋ ಕಳ್ಳ ಅಲ್ಲೇ. ಎಸಿ ಪ್ರೆಶರ್ ಸೆನ್ಸರ್ ಮರೆಯಬೇಡಿ, ಕೆಲವು ಕಾರುಗಳಲ್ಲಿ ಅದೂ ಅದೇ ಲೈನಿನಲ್ಲಿರುತ್ತದೆ. ಎಲ್ಲಾ ಬಿಚ್ಚಿದರೂ ಬರಲಿಲ್ಲವಾ? ಹಾಗಾದರೆ ವೈರ್ ಎಲ್ಲೋ ಕಾರಿನ ಲೋಹಕ್ಕೆ ಉಜ್ಜುತ್ತಿರಬಹುದು ಅಥವಾ ತುಂಡಾಗಿರಬಹುದು, ಇಲ್ಲವೇ ಇಸಿಯುನಲ್ಲೇ ತೊಂದರೆ.

ನಿಮ್ಮದಕ್ಕೆ ಬರೋಣ. ಇಗ್ನಿಷನ್ ಆನ್ ಮಾಡಿ, ಮ್ಯಾಪ್ ಸೆನ್ಸರ್ ಕಪ್ಲರ್ ಬಿಚ್ಚಿ. ಮಲ್ಟಿಮೀಟರ್‌ನ ಕೆಂಪು ಕಡ್ಡಿ ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಕಡ್ಡಿ ಕಪ್ಲರ್‌ನ ಅರ್ಥ್ ಪಿನ್ನಿಗೆ. 12 ವೋಲ್ಟ್ ಆಸುಪಾಸು, ಅಂದರೆ ಬ್ಯಾಟರಿಯಷ್ಟೇ ತೋರಿಸಬೇಕು. ತೋರಿಸದಿದ್ದರೆ ಅರ್ಥ್ ಇಲ್ಲ. ಕೆಂಪು ಕಡ್ಡಿಯನ್ನು ಅರ್ಥ್ ಪಿನ್ನಿಗೆ, ಕಪ್ಪನ್ನು ಬ್ಯಾಟರಿ ಮೈನಸ್‌ಗೆ ಇಟ್ಟು ಸೊನ್ನೆ ಬಂತು ಅಂತ ಖುಷಿಪಡಬೇಡಿ. ತುಂಡಾದ ವೈರೂ ಸೊನ್ನೆ ತೋರಿಸಬಹುದು. ಇಲ್ಲಿ ಬಹಳ ಜನ ಎಡವುತ್ತಾರೆ. ಇನ್ನೊಂದು: ಸೆನ್ಸರ್ ವೈರಿಗೆ ಬಲ್ಬ್ ಹಾಕಿ ಪರೀಕ್ಷೆ ಮಾಡಬೇಡಿ, ಇಸಿಯು ಸುಟ್ಟೀತು.

ಟೆಂಪರೇಚರ್ ಸೆನ್ಸರ್‌ಗೆ ಇನ್ನೂ ಸುಲಭದ ದಾರಿ ಇದೆ. ಕಪ್ಲರ್ ಬಿಚ್ಚಿ, ಅದರ ಎರಡು ಪಿನ್‌ಗಳನ್ನು ಒಂದು ಚಿಕ್ಕ ವೈರಿನಿಂದ ಸೇರಿಸಿ, ಸ್ಕ್ಯಾನರ್ ನೋಡಿ. ಮೈನಸ್ 40ರಿಂದ ಜಿಗಿದು 100 ದಾಟಿ ಮೇಲೆ ಹೋದರೆ ವೈರಿಂಗೂ ಇಸಿಯುವೂ ಸರಿ, ಸೆನ್ಸರೇ ಕೆಟ್ಟಿದೆ. ಅಲುಗಾಡದೆ ಅಲ್ಲೇ ಕೂತಿದ್ದರೆ ವೈರ್ ತುಂಡು. ನಿಮ್ಮಲ್ಲಿ ಕೂತೇ ಇರುತ್ತದೆ ಅಂತ ನನ್ನ ಊಹೆ.

ತುಂಡಾಗಿರುವುದು ಎಲ್ಲಿ? ಎಂಜಿನ್ ಇಳಿಸುವಾಗ ವೈರಿಂಗ್ ಎಳೆದಾಡಿರುತ್ತಾರೆ. ಎಂಜಿನ್ ಮೇಲಕ್ಕೆ ಏಳುತ್ತಿರುವಾಗ ಬಿಚ್ಚದೆ ಉಳಿದ ಒಂದು ಕ್ಲಿಪ್ ಸಾಕು. ಅದಕ್ಕೇ ವೈರಿಂಗ್ ತಿರುಗುವ ಜಾಗ, ಕ್ಲಿಪ್ ಇರುವ ಜಾಗ ಮೊದಲು ನೋಡಿ. ಆಮೇಲೆ ಕಪ್ಲರ್‌ಗಳ ಒಳಗೆ ಟಾರ್ಚ್ ಬಿಟ್ಟು ನೋಡಿ. ಎಲ್ಲಾ ಪಿನ್‌ಗಳೂ ಒಂದೇ ಮಟ್ಟದಲ್ಲಿರಬೇಕು. ಒಂದು ಪಿನ್ ಒಂದೆರಡು ಮಿಲಿಮೀಟರ್ ಒಳಗೆ ಸರಿದಿದ್ದರೂ ಕಪ್ಲರ್ "ಟಿಕ್" ಅಂತ ಚೆನ್ನಾಗಿಯೇ ಕೂರುತ್ತದೆ, ಪಿನ್ ಮಾತ್ರ ತಾಗಿರುವುದಿಲ್ಲ. ಹಿಂದಿನಿಂದ ಪ್ರತಿ ವೈರನ್ನೂ ಮೆಲ್ಲಗೆ ಎಳೆದು ನೋಡಿ, ಸಡಿಲ ಇರುವುದು ಕೈಗೇ ಬರುತ್ತದೆ. ವೈರಿನ ಸಿಪ್ಪೆ ಚೆನ್ನಾಗಿದ್ದು ಒಳಗಿನ ತಾಮ್ರ ತುಂಡಾಗಿರುವುದೂ ಉಂಟು. ಅಂಥ ಜಾಗದಲ್ಲಿ ಎಳೆದರೆ ಸಿಪ್ಪೆ ರಬ್ಬರಿನಂತೆ ಹಿಗ್ಗುತ್ತದೆ.

ಹೇಗೂ ಕೈ ಹಾಕಿದ್ದೀರಿ, ಎಂಜಿನ್‌ನಿಂದ ಕಾರಿನ ಬಾಡಿಯ ಲೋಹಕ್ಕೆ ಹೋಗುವ ದಪ್ಪ ಅರ್ಥ್ ಪಟ್ಟಿಯನ್ನೂ ನೋಡಿಬಿಡಿ. ಸೆನ್ಸರ್ ಅರ್ಥ್ ಬೇರೆ, ಇದು ಬೇರೆ. ಫ್ಯೂಯಲ್ ಪಂಪ್ ಫ್ಯೂಸ್ ತೆಗೆದು ಒಬ್ಬರು ಸೆಲ್ಫ್ ಹೊಡೆಯಲಿ. ನೀವು ಕಪ್ಪು ಕಡ್ಡಿಯನ್ನು ಬ್ಯಾಟರಿ ಮೈನಸ್‌ಗೂ ಕೆಂಪನ್ನು ಎಂಜಿನ್‌ನ ಬರಿ ಲೋಹಕ್ಕೂ ಹಿಡಿಯಿರಿ. 0.2 ವೋಲ್ಟ್ ಒಳಗಿದ್ದರೆ ಚೆನ್ನ, 0.5 ದಾಟಿದರೆ ಪಟ್ಟಿ ಸಡಿಲ ಅಥವಾ ಪೇಂಟ್ ಮೇಲೆ ಕೂತಿದೆ. ಒಮ್ಮೆ ನಾನೇ ಎಂಜಿನ್ ಕೂರಿಸಿ, ಅರ್ಧ ದಿನ ಇಸಿಯು ಮೇಲೆ ಅನುಮಾನಪಟ್ಟು, ಕೊನೆಗೆ ಕೈ ಒರೆಸಲು ಬಟ್ಟೆ ಎತ್ತಿದರೆ ಅದರಡಿ ಆ ಪಟ್ಟಿ ಮಲಗಿತ್ತು. ಅಷ್ಟು ಹೊತ್ತೂ ಸ್ಟಾರ್ಟರ್ ಕರೆಂಟ್ ಥ್ರಾಟಲ್ ಕೇಬಲ್ ಮೂಲಕ ಓಡುತ್ತಿತ್ತು. ಮುಟ್ಟಿದರೆ ಕೇಬಲ್ ಬಿಸಿ!

ಪ್ರಶ್ನೆ: ಎಂಜಿನ್ ಬದಲಾಯಿಸಿದ ಮೇಲೆ ಸೆಲ್ಫ್ ಚೆನ್ನಾಗಿ ಹೊಡೆಯುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಕೋಡ್ ಪಿ0335. ಹೊಸ ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗುವುದನ್ನು ಓದುವುದು) ಹಾಕಿದರೂ ಅಷ್ಟೇ.

ಉತ್ತರ: ಸೆಲ್ಫ್ ಹೊಡೆಯುವಾಗ ಸ್ಕ್ಯಾನರ್‌ನಲ್ಲಿ ಆರ್‌ಪಿಎಂ ಎಷ್ಟಿದೆ ನೋಡಿ. 200ರ ಆಸುಪಾಸು ತೋರಿಸಿದರೆ ಸಿಗ್ನಲ್ ಬರುತ್ತಿದೆ ಅಂತ ಅರ್ಥ, ತೊಂದರೆ ಬೇರೆ ಕಡೆ. ಸೊನ್ನೆಯೇ ಇದ್ದರೆ ಮೊದಲು ಕಪ್ಲರ್ ಅದಲುಬದಲಾಗಿದೆಯಾ ನೋಡಿ. ಕೆಲವು ಎಂಜಿನ್‌ಗಳಲ್ಲಿ ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರ್ ಕಪ್ಲರ್ ಒಂದೇ ಥರ ಇರುತ್ತದೆ, ಅದು ಇದಕ್ಕೂ ಸಲೀಸಾಗಿ ಕೂರುತ್ತದೆ.

ಆಮೇಲೆ ಹಳೆ ಎಂಜಿನ್‌ನ ಸೆನ್ಸರ್ ಮತ್ತು ಈ ಎಂಜಿನ್‌ನ ಸೆನ್ಸರ್ ಎರಡನ್ನೂ ಪಕ್ಕದಲ್ಲಿಟ್ಟು ಪಿನ್ ಎಣಿಸಿ. 2 ಪಿನ್ ಇದ್ದರೆ ಸಾಮಾನ್ಯವಾಗಿ ಕಾಯಿಲ್ ಥರದ್ದು. ಅದು ತಾನೇ ಎಸಿ ವೋಲ್ಟೇಜ್ ಹುಟ್ಟಿಸುತ್ತದೆ, ಓಮ್ಸ್‌ನಲ್ಲಿ ಅಳೆಯಬಹುದು. 3 ಪಿನ್ನಿನ ಹಾಲ್ ಸೆನ್ಸರ್‌ಗೆ (ಅಯಸ್ಕಾಂತದ ಪ್ರಭಾವ ಗುರುತಿಸುವ ಥರದ್ದು) ಹೊರಗಿನ ಸಪ್ಲೈ ಬೇಕು, ಅದನ್ನು ಓಮ್ಸ್‌ನಲ್ಲಿ ಅಳೆದು ಏನೂ ಗೊತ್ತಾಗುವುದಿಲ್ಲ. ಒಂದು ಥರದ್ದನ್ನು ಕಾಯುತ್ತಿರುವ ಇಸಿಯುಗೆ ಇನ್ನೊಂದು ಥರದ್ದು ಕೊಟ್ಟರೆ ಅದು ಕುರುಡು.

ಸೆನ್ಸರ್ ಒಂದೇ ಥರ ಇದ್ದರೆ ಹಲ್ಲು ಎಣಿಸಿ. ಫ್ಲೈವೀಲ್ ಅಥವಾ ಪುಲ್ಲಿ ಕಡೆ ಇರುವ ಹಲ್ಲಿನ ಚಕ್ರ ಎಲ್ಲಾ ಎಂಜಿನ್‌ಗೂ ಒಂದೇ ಅಲ್ಲ. 60ರ ಜಾಗದಲ್ಲಿ 2 ಬಿಟ್ಟು 58 ಹಲ್ಲಿರುವುದು ಉಂಟು, 36ರ ಜಾಗದಲ್ಲಿ 1 ಬಿಟ್ಟು 35 ಇರುವುದೂ ಉಂಟು. ಹಲ್ಲು ಹೊಂದದಿದ್ದರೆ ಎಷ್ಟು ಹೊಸ ಸೆನ್ಸರ್ ಹಾಕಿದರೂ ಸುಮ್ನೆ. ಹಳೆ ಚಕ್ರವನ್ನೇ ತೆಗೆದು ಇದಕ್ಕೆ ಹಾಕಬೇಕು, ಅದೂ ಕೂರುವಂತಿದ್ದರೆ.

ವೈರ್ ಕತ್ತರಿಸಿ ಜೋಡಿಸಿದ್ದೀರಾ? ಹಾಗಿದ್ದರೆ ಕಾಯಿಲ್ ಸೆನ್ಸರ್‌ನ ಎರಡು ವೈರ್ ಉಲ್ಟಾ ಆಗಿರಬಹುದು. ಆಗ ಆರ್‌ಪಿಎಂ ಕಂಡರೂ ಟೈಮಿಂಗ್ ತಪ್ಪುತ್ತದೆ.

ಪ್ರಶ್ನೆ: ಕಾರು ಚೆನ್ನಾಗಿ ಓಡುತ್ತಿದೆ, ಕೋಡ್ ಯಾವುದೂ ಇಲ್ಲ. ಆದರೆ ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ಮೇಲೇಳುತ್ತಲೇ ಇಲ್ಲ. ಎಂಜಿನ್ ಹೊಸದಾಗಿ ಕೂರಿಸಿದ್ದು.

ಉತ್ತರ: ಕೆಲವು ಕಾರುಗಳಲ್ಲಿ ಮುಳ್ಳಿಗೆ ಬೇರೆ ಸೆನ್ಸರ್, ಇಸಿಯುಗೆ ಬೇರೆ. ಮುಳ್ಳಿನದಕ್ಕೆ ಒಂದೇ ವೈರ್ ಇದ್ದರೆ ಅದಕ್ಕೆ ಅರ್ಥ್ ಸಿಗುವುದು ಅದರ ಮರೆ (ಥ್ರೆಡ್) ಎಂಜಿನ್‌ಗೆ ತಾಗಿರುವುದರಿಂದ. ನೀರು ಸೋರದಿರಲಿ ಅಂತ ಯಾರೋ ಮರೆಗೆ ಬಿಳಿ ಟೇಪ್ ಸುತ್ತಿದ್ದರೆ ಅರ್ಥ್ ಹೋಗಿರಬಹುದು. ಎಂಜಿನ್ ತಣ್ಣಗಾದ ಮೇಲೆ ಬಿಚ್ಚಿ, ಟೇಪ್ ಕಿತ್ತು, ಮರೆ ಒರೆಸಿ, ಸರಿಯಾದ ವಾಷರ್ ಹಾಕಿ ಕೂರಿಸಿ. ಅದಕ್ಕೂ ಮುಂಚೆ ವೈರ್ ಹಾಕಿದ್ದಾರಾ ಅಂತ ಒಮ್ಮೆ ಬಗ್ಗಿ ನೋಡಿ, ಎಷ್ಟೋ ಸಲ ಅದು ಪೈಪಿನ ಹಿಂದೆ ಸುಮ್ನೆ ನೇತಾಡುತ್ತಿರುತ್ತದೆ.