ಹಳೇ ನಕ್ಷೆಯಲ್ಲಿ ನಮ್ಮ ಬೀದಿ ಹುಡುಕೋದು ಹೇಗೆ?

ಪ್ರಶ್ನೆ: ನಮ್ಮ ಮನೆ ಶಿವಾಜಿನಗರದಲ್ಲಿದೆ. ಬ್ರಿಟಿಷರ ಕಾಲದ ಬೆಂಗಳೂರು ನಕ್ಷೆಯನ್ನು ಈಗಿನ ನಕ್ಷೆಯ ಮೇಲಿಟ್ಟು ಕಂಪ್ಯೂಟರ್‌ನಲ್ಲಿ ನೋಡಬಹುದಂತೆ. ಎಲ್ಲಿಂದ ಶುರು ಮಾಡಲಿ? ಅದರಲ್ಲಿರೋದನ್ನೆಲ್ಲ ನಂಬಬಹುದಾ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಖಂಡಿತ ನೋಡಬಹುದು, ದುಡ್ಡೂ ಖರ್ಚಾಗುವುದಿಲ್ಲ. ಯಾರು ಬೇಕಾದರೂ ಪುಕ್ಕಟೆಯಾಗಿ ಚಿತ್ರ ಇಳಿಸಿಕೊಳ್ಳಬಹುದಾದ ವಿಕಿಮೀಡಿಯ ಕಾಮನ್ಸ್ ತಾಣದಲ್ಲಿ ಬೆಂಗಳೂರಿನ ಹಳೇ ನಕ್ಷೆಗಳಿವೆ. ಒಂದನ್ನು ಇಳಿಸಿಕೊಂಡು ಮ್ಯಾಪ್ ವಾರ್ಪರ್ ಅನ್ನೋ ತಾಣಕ್ಕೆ ಹಾಕಿ. ಹಳೇ ನಕ್ಷೆಯಲ್ಲಿ ಒಂದು ಜಾಗ, ಹೊಸದರಲ್ಲಿ ಅದೇ ಜಾಗ, ಹೀಗೆ ಜೋಡಿ ಜೋಡಿಯಾಗಿ ಗುರುತು ಹಾಕಬೇಕು. ಕೋಟೆಯ ದೆಹಲಿ ಬಾಗಿಲು, ಟ್ರಿನಿಟಿ ಚರ್ಚ್, ಮೇಯೋ ಹಾಲ್ ಇಂಥವನ್ನೇ ಆರಿಸಿಕೊಳ್ಳಿ, ಇವು ಇದ್ದಲ್ಲೇ ಇವೆ. ಕೆರೆ ದಂಡೆ ಮಾತ್ರ ಬೇಡ. ಗುರುತು ಜಾಸ್ತಿ ಇದ್ದಷ್ಟೂ, ಊರಿನ ನಾಲ್ಕೂ ಕಡೆ ಹರಡಿದ್ದಷ್ಟೂ ನಕ್ಷೆ ಸರಿಯಾಗಿ ಕೂರುತ್ತದೆ.

ಆಮೇಲೆ ಮೇಲಿರೋ ಹಳೇ ನಕ್ಷೆಯನ್ನು ನಿಧಾನವಾಗಿ ತಿಳಿಯಾಗಿಸುತ್ತಾ ಹೋಗಿ. ಮೊದಲು ಕಂಠೀರವ ಸ್ಟೇಡಿಯಂ ನೋಡಿ. ಅಲ್ಲಿ ಸಂಪಂಗಿ ಕೆರೆ ಕಾಣುತ್ತದೆ! ಈಗ ಅದರಲ್ಲಿ ಉಳಿದಿರೋದು ಕರಗಕ್ಕೆ ಬೇಕಾಗುವ ಪುಟ್ಟ ಕೊಳ ಅಷ್ಟೇ. ಮೆಜೆಸ್ಟಿಕ್ ಬಸ್ ನಿಲ್ದಾಣದ ಜಾಗದಲ್ಲಿ ಧರ್ಮಾಂಬುಧಿ ಕೆರೆ. ಪಶ್ಚಿಮಕ್ಕೆ ಪೇಟೆ, ಪೂರ್ವಕ್ಕೆ ಬ್ರಿಟಿಷರು 1809ರಲ್ಲಿ ಶ್ರೀರಂಗಪಟ್ಟಣದಿಂದ ಸೈನ್ಯ ತಂದು ಕಟ್ಟಿದ ದಂಡು, ಅಂದರೆ ಕಂಟೋನ್ಮೆಂಟ್. 1881ರಲ್ಲಿ ಮೈಸೂರು ಒಡೆಯರ ಕೈಗೆ ವಾಪಸ್ ಬಂದರೂ ದಂಡು ಬ್ರಿಟಿಷರ ಹತ್ತಿರವೇ ಉಳಿಯಿತು, 1947ರವರೆಗೂ ಅವರದ್ದೇ ಆಡಳಿತ. ಪೇಟೆ, ದಂಡು ಎರಡೂ ಸೇರಿ ಒಂದೇ ನಗರಪಾಲಿಕೆ ಆಗಿದ್ದು 1949ರಲ್ಲಿ. ಇವತ್ತಿಗೂ ಕಬ್ಬನ್ ಪಾರ್ಕ್ ದಾಟಿದ ಕೂಡಲೇ ರಸ್ತೆಗಳ ಅಗಲ, ಮನೆಗಳ ಸಾಲು ಎಲ್ಲಾ ಬೇರೆ ಥರ ಅನ್ನಿಸುತ್ತದಲ್ವಾ, ಅದಕ್ಕೆ ಕಾರಣ ನಕ್ಷೆಯಲ್ಲಿ ಕಣ್ಣಿಗೆ ಕಾಣುತ್ತದೆ.

ಹುಡುಕುವಾಗ ಶಿವಾಜಿನಗರ ಅಂತ ಹುಡುಕಬೇಡಿ, ಬ್ಲಾಕ್‌ಪಲ್ಲಿ ಅಂತ ನೋಡಿ. ಕಾಮರಾಜ ರಸ್ತೆಗೆ ಕ್ಯಾವಲ್ರಿ ರೋಡ್, ಎಂ.ಜಿ. ರಸ್ತೆಗೆ ಸೌತ್ ಪರೇಡ್.

ಇನ್ನು ನಂಬೋ ವಿಷಯ. ಅಳತೆಯನ್ನು ಬಹುಮಟ್ಟಿಗೆ ನಂಬಿ, ಆದರೆ ಇದನ್ನು ಬರೆದವರು ಯಾರು, ಯಾಕೆ ಬರೆದರು ಅಂತಲೂ ಕೇಳಿಕೊಳ್ಳಿ. 1791ರಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್‌ನ ಸೈನ್ಯ ಬೆಂಗಳೂರು ಕೋಟೆ ಹಿಡಿದಾಗಿನ ನಕ್ಷೆಯಲ್ಲಿ ಮುಖ್ಯವಾಗಿರೋದು ಯಾವ ಕಡೆಯಿಂದ ದಾಳಿ ನಡೆಯಿತು ಅನ್ನೋದು. ಊರಲ್ಲಿ ಯಾರು ಬದುಕಿದ್ದರು ಅನ್ನೋದು ಅವರಿಗೆ ಬೇಕಿರಲಿಲ್ಲ. ಮುಂದಿನ ನಕ್ಷೆಗಳಲ್ಲೂ ಪರೇಡ್ ಮೈದಾನ, ಬ್ಯಾರಕ್ಕು, ಚರ್ಚು ಹೆಸರು ಸಮೇತ ಇದ್ದರೆ, ಜನ ಒತ್ತೊತ್ತಾಗಿ ಬದುಕುತ್ತಿದ್ದ ಬೀದಿಗಳು ಎಷ್ಟೋ ಸಲ ಬರೀ ಬಣ್ಣದ ತೇಪೆ. ಮದ್ರಾಸ್ ಸೈನ್ಯದ ಹಿಂದೆ ಬಂದು ನೆಲೆಸಿದ ತಮಿಳು ಕುಟುಂಬಗಳು, ಬಂಗಲೆಗಳಲ್ಲಿ ದುಡಿದವರು, ಅಂಗಡಿಯವರು, ಎಲ್ಲರೂ ಆ ತೇಪೆಯೊಳಗೇ ಇದ್ದಾರೆ. ದಂಡಿನ ಇತಿಹಾಸ ಅಂದರೆ ನನಗೆ ಮೊದಲು ಅವರೇ, ಬಂಗಲೆಗಳು ಆಮೇಲೆ.

ಹಾಗಾಗಿ ನಿಮ್ಮ ಬೀದಿಯ ಹಿರಿಯರನ್ನು ಮಾತಾಡಿಸಿ. ಬಾವಿ ಎಲ್ಲಿತ್ತು, ಗಲ್ಲಿಗೆ ಏನಂತ ಕರೀತಿದ್ದರು, ಯಾವ ಮನೆ ಯಾವ ಕಸುಬಿನವರದು ಅಂತ ಕೇಳಿ, ಅವರು ಹೇಳಿದ್ದನ್ನೆಲ್ಲ ನಮ್ಮದೇ ನಕ್ಷೆ ಮಾಡಿಕೊಳ್ಳಬಹುದಾದ ಗೂಗಲ್ ಮೈ ಮ್ಯಾಪ್ಸ್‌ನಲ್ಲಿ ಚುಕ್ಕಿ ಇಟ್ಟು ಕನ್ನಡದಲ್ಲೇ ಬರೆಯಿರಿ. ಹೇಳಿದವರ ಒಪ್ಪಿಗೆ ಇದ್ದರೆ ಮಾತ್ರ ಎಲ್ಲರಿಗೂ ಕಾಣೋ ಹಾಗೆ ಮಾಡಿ.